ಹದಿನಾರರ ಗೆರೆ

ಆಳಂದ
18 ಜನವರಿ 2025

ಮಿನಾಜ,

ಸಲಾಂ. ನನ್ನ ಆರು ತಿಂಗಳ ಪಾಳಿ ಮುಗಿಯಿತು. ಸೋಮವಾರ ಇವರು ಅಮ್ಮಿಯನ್ನು ಕಲಬುರಗಿಯವರೆಗೆ ಕರೆತರುತ್ತಾರೆ. ಅಲ್ಲಿಂದ ನೆಲೋಗಿಗೆ ಕರೆದೊಯ್ಯಲು ನಿನ್ನ ಗಂಡ ಜಮೀರನನ್ನು ಬಸ್ ಸ್ಟ್ಯಾಂಡಿಗೆ ಕಳಿಸು. ಅವನಿಗೆ ಹೇಳು, ಕಳೆದ ಸಲದ ಹಾಗೆ ಮುದುಕಿಯನ್ನು ಬಿಸಿಲಲ್ಲಿ ಕಾಯಿಸುವುದು ಬೇಡ.

ಇದನ್ನು ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಬಹುದಿತ್ತು. ಆದರೆ ಅಬ್ಬಾ ತೀರಿಕೊಂಡ ಮೇಲೆ ತಾಯಿ ಯಾರ ಮನೆಯಲ್ಲಿರಬೇಕು ಎಂದು ನಾವಿಬ್ಬರು ಫೋನಿನಲ್ಲಿ ಅರಚಾಡಿದ್ದು, ಅದನ್ನು ಕೇಳಿ ಅಮ್ಮಿ ಆಣೆ ಹಾಕಿಸಿದ್ದು ನಿನಗೂ ನೆನಪಿದೆ. "ಆರಾರು ತಿಂಗಳ ಇಬ್ಬರ ಮನ್ಯಾಗೂ ಇರ್ತೇನಿ. ಆದರ ನೀವಿಬ್ರು ಫೋನಿನ್ಯಾಗ ಮಾತಾಡಿದ್ರ ನನ್ನ ಹೆಣಾ ನೋಡ್ತೀರಿ. ಏನಿದ್ರೂ ಕಾಗದಾ ಬರೀರಿ" ಎಂದಿದ್ದಳು. ನಾನು ಆಣೆ ಮುರಿಯುವವಳಲ್ಲ.

ಈಗ ಔಷಧದ ಮಾತು, ಸಮಾಧಾನದಿಂದ ಓದು. ನಿನ್ನ ಮನೆಯಲ್ಲಿ ಅಮ್ಮಿಗೆ ಕೊಡುತ್ತಿದ್ದುದು ದವಾಖಾನೆಯ ಬಾಟಲಿಯ ಇನ್ಸುಲಿನ್, ಹಾಲಿನಂಥದ್ದು. ಅಂಗೈಯಲ್ಲಿ ಉರುಳಿಸಬೇಕು, ಬೆಳಿಗ್ಗೆ ಒಂದು, ರಾತ್ರಿ ಒಂದು ಚುಚ್ಚಬೇಕು. ಅದರ ಜೋರು ನಡುವೆ ಒಮ್ಮೆ ಏರಿ ಆಮೇಲೆ ಇಳಿದುಹೋಗುತ್ತದೆ ಎಂದು ನಮ್ಮ ಡಾಕ್ಟರ್ ಹೇಳಿದರು. ಕಳೆದ ಜುಲೈನಲ್ಲಿ ನೀನು ಅಮ್ಮಿಯನ್ನು ಕಳಿಸಿದಾಗ ಬೆಳಗಿನ ಬರಿಹೊಟ್ಟೆಯ ಶುಗರ್ ಇನ್ನೂರ ಎಂಬತ್ತು ಇತ್ತು. ಇಲ್ಲಿ ನೀರಿನಂತೆ ತಿಳಿಯಾದ ಇನ್ಸುಲಿನ್ ಶುರು ಮಾಡಿಸಿದೆ. ರಾತ್ರಿ ಒಂದೇ ಸಲ, ಹದಿನಾರು ಯೂನಿಟ್. ಇಡೀ ದಿನ ಒಂದೇ ಸಮನೆ ಕೆಲಸ ಮಾಡುತ್ತದೆ. ಈಗ ನೂರ ಐವತ್ತರ ಆಸುಪಾಸು ನಿಂತಿದೆ. ನಾನು ಬಡಾಯಿ ಕೊಚ್ಚುತ್ತಿಲ್ಲ, ಮೀಟರು ಹೇಳುತ್ತಿದೆ.

ಥರ್ಮಾಸಿನಲ್ಲಿ ಐಸ್ ಹಾಕಿ ಆ ಔಷಧದ ಐದು ರೀಫಿಲ್ ಇಟ್ಟಿದ್ದೇನೆ. ಇವನ್ನು ಕೂರಿಸಿ, ಅಳತೆ ತಿರುಗಿಸಿ ಚುಚ್ಚುವ ಪೆನ್ನಿನ ಗುಂಡಿ ಕೆಟ್ಟಿದೆ, ಅದಕ್ಕೇ ಪೆನ್ನು ಕಳಿಸಿಲ್ಲ. ನಿನ್ನ ಹತ್ತಿರ ದವಾಖಾನೆಯವರು ಕೊಟ್ಟ ಸಿರಿಂಜು ಇದ್ದೇ ಇವೆ. ರೀಫಿಲ್ಲಿನ ರಬ್ಬರಿಗೆ ಸೂಜಿ ಹಾಕಿ ಹದಿನಾರರ ಗೆರೆಯವರೆಗೆ ಎಳೆದು ಚುಚ್ಚು. ಯಾವುದರಿಂದ ಚುಚ್ಚಿದರೇನು, ಔಷಧ ಒಂದೇ ತಾನೇ?

ಜುಲೈನಲ್ಲಿ ಅಮ್ಮಿ ನನ್ನ ಮನೆಗೆ ಬರುವಾಗ ಈ ಸಲವಾದರೂ ಇನ್ನೂರು ದಾಟದಿರಲಿ.

ಖುರ್ಷಿದ


ನೆಲೋಗಿ
3 ಫೆಬ್ರವರಿ 2025

ಆಪಾ,

ಸಲಾಂ. ಅಮ್ಮಿ ಸುಖವಾಗಿ ಬಂದಳು. ನಮ್ಮವರು ಬಸ್ಸಿಗಿಂತ ಮೊದಲೇ ಹೋಗಿ ನಿಂತಿದ್ದರು. ತಡ ಮಾಡಿದ್ದು ಹಫೀಜ ಭಾಯಿ. ನಿನ್ನ ಗಂಡ ತೊಗರಿ ವ್ಯಾಪಾರಸ್ಥರು, ಅವರಿಗೆ ಬಸ್ಸೂ ಕಾಯುತ್ತದೆ ಎಂದು ತಿಳಿದಿರಬೇಕು.

ನಿನ್ನ ಮೀಟರು ಮಾತಾಡುತ್ತದೆಯಲ್ಲ, ನನ್ನ ಮೀಟರಿಗೂ ಬಾಯಿದೆ, ಕೇಳು. ಬಂದ ವಾರಕ್ಕೇ ಬೆಳಗಿನ ಶುಗರ್ ನೂರ ಹತ್ತಕ್ಕೆ ಇಳಿಯಿತು. ಈಗ ಎಂಬತ್ತನಾಲ್ಕು! ಅದೇ ನಿನ್ನ ಔಷಧ, ಅದೇ ಹದಿನಾರು, ಮನೆ ಮಾತ್ರ ಬೇರೆ. ನಿಮ್ಮಲ್ಲಿ ಮೂರು ಹೊತ್ತೂ ಅನ್ನ, ಮೇಲೆ ಖೀರು. ಇಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ. ನೂರ ಐವತ್ತಕ್ಕೇ ನೀನು ಅಷ್ಟು ಮೆರೆದಿದ್ದೆ. ಎಂಬತ್ತನಾಲ್ಕಕ್ಕೆ ನಾನೆಷ್ಟು ಮೆರೆಯಬೇಕು?

ತಿಳಿ ಔಷಧ ಒಳ್ಳೆಯದು, ಒಪ್ಪುತ್ತೇನೆ. ಹಾಲಿನಂಥದ್ದು ಹಾಕುವಾಗ ಅಮ್ಮಿ ನಡುಹೊತ್ತಿಗೆ "ಹೊಟ್ಟಿ ಸುಡಾಕತ್ತದ ಬೇ" ಎಂದು ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಿದ್ದಳು. ಬೆಳಗಾಗುವ ಹೊತ್ತಿಗೆ ಔಷಧದ ಬಲವೇ ಉಳಿಯುತ್ತಿರಲಿಲ್ಲ. ಎರಡು ಸಲ ಚುಚ್ಚಿಸಿಕೊಳ್ಳುವ ಗೋಳಾಟ ಬೇರೆ. ಆ ಬಾಟಲಿಗಳನ್ನು ತೆಗೆದಿಟ್ಟೆ.

ಆದರೆ ಒಂದು ಮಾತು ಕೇಳಲೇಬೇಕು. ನಿನ್ನ ರೀಫಿಲ್ ವಾರಕ್ಕೊಂದು ಖಾಲಿಯಾಗುತ್ತಿದೆ. ಎರಡನೆಯದು ಇವತ್ತು ತಳ ಕಂಡಿತು. ನಿನ್ನ ಪಾಳಿಗೆ ದೊಡ್ಡ ಗಾತ್ರದ್ದು, ನನ್ನ ಪಾಳಿಗೆ ಅಗ್ಗದ ಸಣ್ಣವು ತಂದೆಯೇನು? ಚಿಕ್ಕಂದಿನಿಂದ ಅಕ್ಕನಾದ ನೀನು ಬಿಟ್ಟ ಸಲವಾರು ತೊಟ್ಟೇ ಬೆಳೆದವಳು ನಾನು, ನನಗೇನೂ ಹೊಸತಲ್ಲ. ಅಮ್ಮಿಯ ಔಷಧದಲ್ಲಾದರೂ ಹಾಗೆ ಮಾಡಬಾರದಿತ್ತು.

ಮಿನಾಜ


ಆಳಂದ
9 ಫೆಬ್ರವರಿ 2025

ಮಿನಾಜ,

ಈ ರೀಫಿಲ್ಲಿಗೆ ದೊಡ್ಡದು ಸಣ್ಣದು ಎಂಬುದಿಲ್ಲ. ನನ್ನ ಮನೆಯಲ್ಲಿ ಒಂದು ತಂದರೆ ಅರ್ಧ ತಿಂಗಳು ದಾಟಿ ಬರುತ್ತಿತ್ತು. ನಿನ್ನಲ್ಲಿ ವಾರಕ್ಕೇ ಮುಗಿಯುತ್ತದೆ ಎಂದರೆ ಅದು ಅಮ್ಮಿಯೊಬ್ಬಳ ಮೈಗೇ ಹೋಗುತ್ತಿಲ್ಲ. ನಿನ್ನ ಅತ್ತೆಗೂ ಶುಗರ್ ಇದೆಯಲ್ಲ? ಬಾಯಿಬಿಟ್ಟು ಕೇಳಿದ್ದರೆ ಆಕೆಗೂ ಕಳಿಸುತ್ತಿದ್ದೆ. ನನ್ನ ತಾಯಿಯ ಹೆಸರಿನಲ್ಲಿ ತೆಗೆದುಕೊಳ್ಳುವುದೇಕೆ? ಇರಲಿ, ಇನ್ನೂ ಮೂರು ರೀಫಿಲ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಖುರ್ಷಿದ ಕಡಿಮೆ ಮಾಡಿದಳು ಎಂಬ ಮಾತು ನನಗೆ ಬೇಡ.

ಎಂಬತ್ತನಾಲ್ಕು ಎಂದು ಕುಣಿಯಬೇಡ. ಊಟ ಕಡಿಮೆ ಹಾಕಿದರೆ ಯಾರ ಶುಗರ್ ಬೇಕಾದರೂ ಇಳಿಯುತ್ತದೆ. ಕರಜಗಿಯ ಮದುವೆಗೆ ನೀನು ಅಮ್ಮಿಯನ್ನು ಕರೆದುಕೊಂಡು ಹೋಗಿದ್ದೆಯಂತೆ. ಮದುವೆಯಲ್ಲಿದ್ದ ಗೌಸಿಯಾಬೇಗಂ ಖಾಲಾ ಬಂದು ಎಲ್ಲ ಹೇಳಿದಳು. "ನಿಮ್ಮ ಅವ್ವನ ಕೈ ನಡಗಾಕತ್ತಿದ್ವು. ತಾಟ ಹಿಡಿಯಾಕ ಆಗದ ಕೆಡವಿದಳು. ಆಮ್ಯಾಲ ನಾಕು ಮಂದಿದು ಒಬ್ಬಾಕೀನೇ ಉಂಡಳು" ಎಂದಳು. ನಾಲ್ಕು ಜನರ ಎದುರು ಅಷ್ಟು ಹಸಿದು ಉಣ್ಣುವ ಹಾಗೆ ತಾಯಿಯನ್ನು ಇಟ್ಟಿದ್ದೀಯಲ್ಲ, ನಾಚಿಕೆಯಾಗಲಿಲ್ಲವೇ ನಿನಗೆ?

ಇವರಿಗೂ ಮೊನ್ನೆ ಚಳಿಗಾಲದಿಂದ ಇನ್ಸುಲಿನ್ ಶುರುವಾಗಿದೆ. ಅದಕ್ಕೆ ಡಾಕ್ಟರ ಹತ್ತಿರ ಹೋಗುತ್ತಲೇ ಇರುತ್ತೇನೆ. ಇನ್ನೊಂದು ಹೊಸ ಔಷಧ ಬಂದಿದೆಯಂತೆ. ಒಮ್ಮೆ ಹಾಕಿದರೆ ಒಂದು ದಿನ ದಾಟಿ ಕೆಲಸ ಮಾಡುತ್ತದಂತೆ, ರಾತ್ರಿ ಶುಗರ್ ಕುಸಿಯುವ ಭಯವೂ ಕಡಿಮೆಯಂತೆ. ಬೆಲೆ ಮಾತ್ರ ಕೇಳಬೇಡ. ಜುಲೈನಲ್ಲಿ ಅಮ್ಮಿ ಬಂದ ಮೇಲೆ ಅದನ್ನೇ ಹಾಕಿಸುತ್ತೇನೆ. ಆಗ ನೋಡೋಣ ಯಾರ ಮೀಟರು ಏನು ಹೇಳುತ್ತದೆಂದು.

ಖುರ್ಷಿದ


ನೆಲೋಗಿ
19 ಫೆಬ್ರವರಿ 2025

ಆಪಾ,

ಮೂರು ರೀಫಿಲ್ ಬಂದವು. ನನ್ನ ಅತ್ತೆಯ ಹೆಸರೆತ್ತಿದ್ದಕ್ಕೆ ನಿನ್ನನ್ನು ಅಲ್ಲಾಹನೇ ಕೇಳಲಿ. ಆಕೆ ಮಾತ್ರೆ ನುಂಗುತ್ತಾಳೆ, ಸೂಜಿ ಕಂಡರೆ ಓಡುತ್ತಾಳೆ.

ಇವತ್ತಿನ ಶುಗರ್ ಅರವತ್ತೊಂದು. ನಾನು ಜೋಳದ ರಾಶಿಗೆ ಹೊಲಕ್ಕೆ ಹೋದಾಗ ಪಕ್ಕದ ಮನೆಯ ಮರೆಮ್ಮ ಅಮ್ಮಿಯ ಹತ್ತಿರ ಕೂತಿರುತ್ತಾಳೆ. ಅವಳು ಮೀಟರು ನೋಡಿ "ಇದು ಬಾಳ ಕಮ್ಮಿ ಆತಲ್ಲ ಯವ್ವಾ" ಎಂದಳು. ನನಗೆ ನಗು ಬಂತು. ಕಮ್ಮಿಯಾಗಲೆಂದೇ ಅಲ್ಲವೇ ಇಷ್ಟೆಲ್ಲ ಚುಚ್ಚುವುದು?

ತಾಯಿಯನ್ನು ಹಸಿವಿನಲ್ಲಿಟ್ಟಿದ್ದೀಯ ಎಂದೆಯಲ್ಲ, ಅಮ್ಮಿ ಏನನ್ನುತ್ತಾಳೆ ಕೇಳು. ಈಚೆಗೆ ಆಕೆಗೆ ಬೆಳಿಗ್ಗೆ ಏಳುವಾಗ ಮೈಯೆಲ್ಲ ಬೆವರು, ಮಾತೆತ್ತಿದರೆ ಸಿಟ್ಟು. ನಿನ್ನೆ ಕಪ್ಪು ಎಸೆದು ಕೂಗಿದಳು: "ಖುರ್ಷಿದ ನನ್ನ ಉಪಾಸ ಕೆಡವತಾಳ. ಅಕಿ ಮನಿಗಿ ನನ್ನ ಕಳಸಬ್ಯಾಡ್ರಿ!" ಇದು ನಾನು ಹೇಳಿಕೊಟ್ಟ ಮಾತಲ್ಲ. ಮರೆಮ್ಮನೂ ಕೇಳಿದ್ದಾಳೆ. ಆರು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಈಗ ಹೊರಗೆ ಬೀಳುತ್ತಿದೆ.

ನನಗೂ ನೋವಿದೆ, ಸುಳ್ಳೇಕೆ ಹೇಳಲಿ. ಒಮ್ಮೊಮ್ಮೆ ಆಕೆ ನನ್ನ ಮುಖ ನೋಡಿಯೇ ಖುರ್ಷಿದ ಎಂದು ಕರೆಯುತ್ತಾಳೆ. ಉಣಿಸುವವಳು ನಾನು, ಬಾಯಲ್ಲಿ ನಿನ್ನ ಹೆಸರು. ಬೆಲ್ಲದ ಚಹಾ ಕೊಟ್ಟರೆ ಗಳಿಗೆಯಲ್ಲಿ ಸಮಾಧಾನವಾಗಿ "ಏನಾಗಿತ್ತ ಬೇ ನನಗ?" ಎಂದು ಕೇಳುತ್ತಾಳೆ. ಮುದುಕಿಗೆ ಸಿಹಿಯ ಆಸೆ, ಸಿಟ್ಟೆಲ್ಲ ಅದಕ್ಕೇ.

ಮಿನಾಜ


ಆಳಂದ
24 ಫೆಬ್ರವರಿ 2025

ಮಿನಾಜ,

ಎರಡು ದಿನ ನನಗೆ ಊಟ ಸೇರಲಿಲ್ಲ. ಆರು ತಿಂಗಳು ನಾನು ಆಕೆಯ ಕಾಲು ತಿಕ್ಕಿದ್ದೇನೆ, ಆಕೆ ಕೇಳಿದ್ದನ್ನೇ ಬೇಯಿಸಿದ್ದೇನೆ. ಹಾಗಿದ್ದೂ ಉಪವಾಸ ಕೆಡವಿದೆ ಎನ್ನುತ್ತಾಳಂತೆ. ಇಂಥ ಮಾತು ಅಮ್ಮಿಯ ಬಾಯಲ್ಲಿ ತಾನಾಗಿ ಬರುವುದಿಲ್ಲ. ಯಾರೋ ದಿನಾ ಕಿವಿಯಲ್ಲಿ ಹಾಕಿರುತ್ತಾರೆ. ಅದು ಯಾರೆಂದು ನನಗೆ ಗೊತ್ತಿದೆ.

ಇವರ ತಪಾಸಣೆಗೆ ಹೋದಾಗ ಡಾಕ್ಟರು ಅಮ್ಮಿಯನ್ನು ವಿಚಾರಿಸಿದರು. ಅರವತ್ತೊಂದು ಎಂದೆ. ಬರೆಯುತ್ತಿದ್ದವರು ತಲೆ ಎತ್ತಿ, "ಹದಿನಾರಕ್ಕ ಅಷ್ಟ ಹ್ಯಾಂಗ ಇಳೀತ್ರಿ? ಪೆನ್ನಿನ್ಯಾಗ ಕೊಡಾಕತ್ತಾರಿಲ್ಲೋ?" ಎಂದರು. ಹೌದ್ರಿ ಎಂದೆ. ನಮ್ಮ ಮನೆಯ ಕಥೆಯೆಲ್ಲ ಅವರ ಮುಂದೇಕೆ ಬಿಚ್ಚಬೇಕು? ಹಾಗಾದರೆ ಎರಡು ಕಡಿಮೆ ಮಾಡಿ ಹದಿನಾಲ್ಕು ಕೊಡಿ, ಈ ಸಲ ರೋಜಾ ಉಪವಾಸ ಮಾತ್ರ ಬೇಡವೇ ಬೇಡ ಎಂದರು. ನಿನ್ನ ಕಿವಿಗೆ ಹಾಕಿದ್ದೇನೆ.

ಅದಕ್ಕಿಂತ ಒಳ್ಳೆಯದು, ಅಮ್ಮಿಯನ್ನು ಈಗಲೇ ಇಲ್ಲಿಗೆ ಕಳಿಸಿಬಿಡು. ಪಾಳಿ ಗೀಳಿ ಸಾಕು. ನಿನ್ನ ಕೈಲಿ ಆಗುವುದಿಲ್ಲ ಎಂದು ಒಪ್ಪಿಕೊಂಡರೆ ಯಾರೂ ನಿನ್ನನ್ನು ಹಂಗಿಸುವುದಿಲ್ಲ.

ಖುರ್ಷಿದ


ನೆಲೋಗಿ
1 ಮಾರ್ಚ್ 2025

ಆಪಾ,

ಹದಿನಾಲ್ಕು ಮಾಡಿದ್ದೇನೆ. ಡಾಕ್ಟರ ಮಾತಿಗೆ ಮಾಡಿದ್ದು, ನಿನ್ನ ಮಾತಿಗಲ್ಲ.

ಕಳಿಸುವುದಿಲ್ಲ. ಜುಲೈವರೆಗೆ ಅಮ್ಮಿ ನನ್ನವಳು. ನಡುವೆ ಕಳಿಸಿದರೆ ಊರೆಲ್ಲ "ಮಿನಾಜಗ ತಾಯೀನ ನೋಡಿಕೊಳ್ಳಾಕ ಆಗಲಿಲ್ಲ" ಅನ್ನುತ್ತದೆ. ನಿನಗೆ ಬೇಕಾಗಿರುವುದೂ ಅದೇ.

ನಾಳೆಯಿಂದ ರೋಜಾ. ಬೇಡ ಎಂದು ನಾನೂ ಹೇಳಿ ನೋಡಿದೆ. "ಸಾಯೋ ವಯಸ್ಸಿನ್ಯಾಗ ರೋಜಾ ಬಿಡು ಅಂತೀಯೇನ ಬೇ? ಖುರ್ಷಿದನ ಮನ್ಯಾಗ ಆದ್ರ ಇಡಸ್ತಿದ್ದಳು" ಎಂದಳು. ಇಷ್ಟು ಕೇಳಿದ ಮೇಲೆ ನಾನು ಹೇಗೆ ತಡೆಯಲಿ? ನಸುಕಿನ ಸಹರಿಗೆ ಹೊಟ್ಟೆ ತುಂಬ ಉಣಿಸುತ್ತೇನೆ, ಸಂಜೆ ಇಫ್ತಾರಿನ ನಂತರ ಸೂಜಿ ಹಾಕುತ್ತೇನೆ. ಅಮ್ಮಿ ಮೊನ್ನೆ ಬಚ್ಚಲಲ್ಲಿ ಬಿದ್ದಳು. ಪೆಟ್ಟೇನೂ ಇಲ್ಲ. ಇದನ್ನು ಬರೆಯುವ ಮನಸ್ಸಿರಲಿಲ್ಲ, ಖಾಲಾ ಹೇಗೂ ಬಂದು ನಿನ್ನ ಕಿವಿಗೆ ಊದುತ್ತಾಳೆ ಎಂದು ಬರೆದೆ.

ನಿನಗೂ ನಿನ್ನ ಮನೆಯವರಿಗೂ ರಮಜಾನ್ ಮುಬಾರಕ್.

ಮಿನಾಜ


ಕಲಬುರಗಿ
10 ಮಾರ್ಚ್ 2025

ಆಪಾ,

ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಮೂರು ದಿನದಿಂದ ಇದ್ದೇವೆ. ನೀನು ನನ್ನ ಕಡೆ ಬೆನ್ನು ಹಾಕಿ ಕೂತಿದ್ದೀಯ. ಅದಕ್ಕೇ ಬರೆದು ಟಿಫಿನ್ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.

ಆ ದಿನ ನಿನಗೆ ಎಷ್ಟು ಸಲ ಫೋನು ಮಾಡಿದೆ! ಹಫೀಜ ಭಾಯಿ ಎತ್ತದಿದ್ದರೆ ನೀನು ಬರುತ್ತಲೇ ಇರಲಿಲ್ಲ. ಅಮ್ಮಿಯ ಆಣೆಗೆ ಹೆದರಿ ಎತ್ತಲಿಲ್ಲವೋ ನನ್ನ ಮೇಲಿನ ಹಟಕ್ಕೋ, ನಿನಗೇ ಗೊತ್ತು.

ಹೇಗಾಯಿತೆಂದು ನಿನಗೆ ತಿಳಿಯಲಿ. ನಾನು ಹೊಲದಿಂದ ಬಂದಾಗ ಅಮ್ಮಿ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ತೆರೆದಿದ್ದವು, ಮಾತಿಲ್ಲ. ಮರೆಮ್ಮ ಸಕ್ಕರೆ ನೀರು ಕಲಸಿ ತಂದಳು. ನಾನೇ ಅವಳ ಕೈ ಹಿಡಿದು ತಡೆದೆ. ರೋಜಾ ಮುರಿಯುತ್ತದೆ, ಇಫ್ತಾರಿಗೆ ಇನ್ನು ಸ್ವಲ್ಪವೇ ಹೊತ್ತು ಎಂದೆ. ಆ ಸ್ವಲ್ಪ ಹೊತ್ತಿನಲ್ಲಿ ಅಮ್ಮಿಯ ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಟೆದವು. ಆಮೇಲೆ ಒಂದು ಹನಿಯೂ ಒಳಗೆ ಹೋಗಲಿಲ್ಲ. ಜೇವರ್ಗಿ ದಾಟಿ ಇಲ್ಲಿಗೆ ತರುವಷ್ಟರಲ್ಲಿ ಕತ್ತಲಾಗಿತ್ತು.

ಇಲ್ಲಿನ ಡಾಕ್ಟರು ಏನು ಹಾಕುತ್ತಿದ್ದಿರಿ ಎಂದರು. ಥರ್ಮಾಸು ತೋರಿಸಿದೆ, ಸಿರಿಂಜೂ ತೋರಿಸಿದೆ. ಅವರು ಸಿರಿಂಜಿನ ಕೆಂಪು ಟೋಪಿ ನೋಡಿಯೇ ತಲೆಯ ಮೇಲೆ ಕೈ ಇಟ್ಟುಕೊಂಡರು. "ಈ ಸಿರಿಂಜು ಬಾಟ್ಲಿ ಔಷಧಕ್ಕ ಮಾಡಿದ್ದದರೀ ಅಮ್ಮಾ. ಪೆನ್ನಿನ ರೀಫಿಲ್ಲಿನ್ಯಾಗಿಂದು ಅದಕ್ಕಿಂತ ಎರಡೂವರಿ ಪಟ್ಟು ಗಟ್ಟಿ ಇರ್ತದ. ನೀವು ಹದಿನಾರು ಅಂತ ಎಳದಿದ್ದು ನಲವತ್ತು ಆಗ್ಯದ. ದಿನಾ ನಲವತ್ತು!"

ಔಷಧ ಅದಕ್ಕೇ ವಾರಕ್ಕೆ ಮುಗಿಯುತ್ತಿತ್ತು ಆಪಾ. ಬೆವರಿದ್ದು, ಕೈ ನಡುಗಿದ್ದು, ಬೈದದ್ದು, ನನ್ನನ್ನು ಖುರ್ಷಿದ ಎಂದದ್ದು ಎಲ್ಲವೂ ಅದಕ್ಕೇ. ಅಮ್ಮಿಗೆ ನಿನ್ನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಆ ಮಾತನ್ನು ನಾನು ಎಷ್ಟು ಖುಷಿಯಿಂದ ನಿನಗೆ ಬರೆದು ಕಳಿಸಿದೆ! ಪೆನ್ನು ಎಲ್ಲಿದೆ ಎಂದು ಡಾಕ್ಟರು ಕೇಳಿದರು. ನೀನು ಬರೆದದ್ದನ್ನೇ ಹೇಳಿದೆ, ಕೆಟ್ಟಿದೆ ಎಂದೆ.

ಅಮ್ಮಿ ಇವತ್ತು ಕಣ್ಣು ತೆರೆದಳು. ಮೆದುಳಿಗೆ ಎಷ್ಟು ಪೆಟ್ಟಾಗಿದೆಯೋ ಈಗಲೇ ಹೇಳಲಾರೆವು ಎನ್ನುತ್ತಾರೆ. ಒಂದು ಸಲ ಈ ಕಡೆ ತಿರುಗಿ ಕೂರು. ಬೈಯುವುದಿದ್ದರೆ ಬೈ.

ಮಿನಾಜ


ಆಳಂದ
25 ಮಾರ್ಚ್ 2025

ಮಿನಾಜ,

ಅಮ್ಮಿ ನನ್ನ ಮನೆಗೆ ಬಂದು ವಾರವಾಯಿತು. ನಡೆಯುತ್ತಾಳೆ, ಕೊಟ್ಟರೆ ಉಣ್ಣುತ್ತಾಳೆ. ಹೆಸರುಗಳು ಹೋಗಿವೆ. ನನ್ನನ್ನು ಮನೆಯೊಡತಿ ಎಂದುಕೊಂಡಿದ್ದಾಳೆ. ಅಬ್ಬಾ ಎಲ್ಲಿ ಎಂದು ದಿನಾ ಕೇಳುತ್ತಾಳೆ, ದಿನಾ ಹೊಸದಾಗಿ ಅಳುತ್ತಾಳೆ. ಇನ್ನು ಹೆಚ್ಚೇನೂ ವಾಪಸು ಬರುವುದಿಲ್ಲವಂತೆ.

ಆ ಹೊಸ ಔಷಧದ ಮಾತು ಎತ್ತಿದೆ. ಡಾಕ್ಟರು ಕೈ ಮುಗಿದರು. "ಇನ್ನ ಯಾವ ಇನ್ಸುಲಿನ್ ಛಲೋ ಅಂತ ನೋಡೂದು ಬಿಡ್ರಿ. ಇವರಿಗಿ ಇನ್ನ ಶುಗರ್ ಬೀಳಬಾರದು ಅಷ್ಟ" ಎಂದರು. ಈಗ ಅದೇ ತಿಳಿ ಔಷಧ, ಆರೇ ಆರು, ಬೆಳಿಗ್ಗೆ. ಇನ್ನೂರು ಇದ್ದರೂ ಸರಿಯಂತೆ. ಇನ್ನೂರಕ್ಕೆ ನಾನು ನಿನ್ನನ್ನು ಎಷ್ಟು ಹಂಗಿಸಿದ್ದೆ.

ಆದರೆ ಒಂದು ಮಾತು ನೇರವಾಗಿ ಬರೆಯುತ್ತೇನೆ. ನನ್ನ ಕೈಯಲ್ಲಿದ್ದಾಗ ಅಮ್ಮಿ ಮನುಷ್ಯಳಾಗಿದ್ದಳು. ನಿನ್ನ ಕೈಗೆ ಹೋಗಿ ಹೀಗಾದಳು. ಬಂದು ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತಿದ್ದೇನೆ, ಬೇರೆ ಏನು ಹೇಳಲಿ? ಇನ್ನು ಪಾಳಿ ಇಲ್ಲ. ಈದ್ ದಿನ ಬೇಕಾದರೆ ಬಂದು ನೋಡಿಕೊಂಡು ಹೋಗು. ಆಮೇಲೆ ಮಗಳ ಹಕ್ಕು ಎಂದು ನನ್ನ ಬಾಗಿಲಿಗೆ ಬರಬೇಡ.

ಖುರ್ಷಿದ


ನೆಲೋಗಿ
4 ಏಪ್ರಿಲ್ 2025

ಆಪಾ,

ಈದ್ ದಿನ ನಿನ್ನ ಮನೆಯಲ್ಲಿ ಜನ ತುಂಬಿದ್ದರು, ಮಾತಾಡಲಿಲ್ಲ. ಈಗ ಬರೆಯುತ್ತೇನೆ.

ಊಟಕ್ಕೆ ಮೊದಲು ಹಫೀಜ ಭಾಯಿ ಒಳಕೋಣೆಗೆ ಬಂದು ಅಂಗಿ ಎತ್ತಿ ಇನ್ಸುಲಿನ್ ಹಾಕಿಕೊಂಡರು. ನಾನು ಅಲ್ಲಿದ್ದುದನ್ನು ಅವರು ನೋಡಲಿಲ್ಲ. ನೀಲಿ ಪೆನ್ನು, ಅದಕ್ಕೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಖಾಸೀಂಬಿ ಎಂದು ಅಮ್ಮಿಯ ಹೆಸರು, ನಿನ್ನದೇ ಅಕ್ಷರ. ಗುಂಡಿ ಚೆನ್ನಾಗಿಯೇ ತಿರುಗುತ್ತಿತ್ತು. ಗಂಡನಿಗೆ ಬೇಕಾಗಿತ್ತು, ಇಟ್ಟುಕೊಂಡೆ ಎಂದು ಒಂದು ಸಾಲು ಬರೆದಿದ್ದರೆ ನಾನು ಎಲ್ಲಿಂದಾದರೂ ಇನ್ನೊಂದು ತರುತ್ತಿದ್ದೆ. ನಿನ್ನ ಡಾಕ್ಟರು ಕೇಳಿದಾಗಲಾದರೂ ಇಲ್ಲ ಎಂದಿದ್ದರೆ ಅವರು ಅವತ್ತೇ ತಡೆಯುತ್ತಿದ್ದರು. ನೀನು ಹೌದ್ರಿ ಎಂದೆ. ನನಗೇ ಅದನ್ನು ಬರೆದೂ ಕಳಿಸಿದ್ದೆ. ನಾನು ಅದನ್ನು ಓದಿ ನಿನ್ನ ದೊಡ್ಡಸ್ತಿಕೆ ಎಂದುಕೊಂಡೆ.

ಇದನ್ನು ಊರಿಗೆ ಹೇಳುವುದಿಲ್ಲ. ಹೇಳಿದರೆ ಸಕ್ಕರೆ ನೀರು ತಡೆದ ನನ್ನ ಕೈಯೇನೂ ತೊಳೆದುಹೋಗುವುದಿಲ್ಲ. ನಾವಿಬ್ಬರೂ ಸೇರಿಯೇ ಆಕೆಯನ್ನು ಹೀಗೆ ಮಾಡಿದೆವು. ನಿನಗೆ ಅದನ್ನು ಕೇಳುವ ಧೈರ್ಯವಿಲ್ಲ, ಅಷ್ಟೇ.

ಶೀರ್ ಖುರ್ಮಾ ಪಾಯಸ ತಂದಿದ್ದೆನಲ್ಲ, ಅಮ್ಮಿಗೆ ನಾನೇ ಚಮಚದಿಂದ ಉಣಿಸಿದೆ. ಗಲ್ಲ ಒರೆಸಿದೆ. ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು. ಈಗ ಹೆಸರು ಹಿಡಿಯುತ್ತಾಳೆ ಎಂದು ಚಮಚ ಹಿಡಿದೇ ಕೂತೆ. ಆಕೆ ನಿನ್ನ ಕಡೆ ತಿರುಗಿ, "ಈ ಹೆಣಮಗಳು ಛಲೋ ಉಣಸ್ತಾಳ. ಇಕಿನ್ನ ಕೆಲಸಕ್ಕ ಇಟ್ಕೋ" ಎಂದಳು. ನೀನು "ಆಯ್ತಮ್ಮಿ" ಎಂದೆ. ಬಂದವರ ಮುಂದೆ ಅಷ್ಟೇ ಹೇಳಿ ಒಳಗೆ ಹೋದೆ. ಅಕಿ ನಿನ್ನ ಮಗಳು ಎನ್ನಲು ನಿನ್ನ ನಾಲಿಗೆ ಏಳಲಿಲ್ಲ. ನನ್ನದೂ ಏಳಲಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಮಗಳಿಗೆ ನೀನು ಬಾಗಿಲು ಮುಚ್ಚಿದ್ದೀಯ, ಕೆಲಸದವಳಿಗೆ ಮುಚ್ಚಿಲ್ಲ. ಸೋಮವಾರ ಬೆಳಿಗ್ಗೆಯ ಮೊದಲ ಬಸ್ಸಿಗೆ ಬರುತ್ತೇನೆ. ಮುಸುರೆ, ಬಟ್ಟೆ, ಕಸ, ನೀನು ಹೇಳಿದ್ದೆಲ್ಲ ಮಾಡುತ್ತೇನೆ, ಹಿಂದಿನ ಬಾಗಿಲಿನಿಂದಲೇ ಬರುತ್ತೇನೆ. ಅಮ್ಮಿಗೆ ಉಣಿಸುವುದನ್ನು ಮಾತ್ರ ನನಗೆ ಬಿಡು. ಯಾರಾದರೂ ಕೇಳಿದರೆ ನೆಲೋಗಿ ಕಡೆಯವಳು, ಅಮ್ಮಿ ಇಟ್ಟುಕೋ ಎಂದಳು, ಇಟ್ಟುಕೊಂಡೆ ಎನ್ನು.

ಮಿನಾಜ